ಕೃತಕ ರಕ್ತ: ನನ್ನ ಕೆಲಸವೆಲ್ಲ ಸೋಸುವುದೇ

ಕೃತಕ ರಕ್ತ ಅಂದ ಕೂಡಲೇ ಎಲ್ಲರೂ ಕೇಳುವುದು, ಅದು ನಿಜಕ್ಕೂ ಆಮ್ಲಜನಕ ಒಯ್ಯುತ್ತಾ ಅಂತ. ಒಯ್ಯುತ್ತದೆ. ಕಷ್ಟ ಇರುವುದು ಅಲ್ಲಿ ಅಲ್ಲವೇ ಅಲ್ಲ. ಅಮೆರಿಕದ ಒಂದು ಲ್ಯಾಬಿನಲ್ಲಿ ದನದ ಹಿಮೋಗ್ಲೋಬಿನ್‌ನಿಂದ, ಅಂದರೆ ಕೆಂಪು ಕಣದೊಳಗೆ ಆಮ್ಲಜನಕ ಹೊರುವ ಪ್ರೋಟೀನ್‌ನಿಂದ, ಇದನ್ನು ತಯಾರಿಸುತ್ತೇನೆ. ನನ್ನ ಹೊತ್ತೆಲ್ಲ ಹೋಗುವುದು ಸೋಸುವುದರಲ್ಲಿ.

ಕಸಾಯಿಖಾನೆಯಿಂದ ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತ ಬರುತ್ತದೆ. ಕೆಂಪು ಕಣಗಳನ್ನು ಸಲೈನ್‌ನಲ್ಲಿ ತೊಳೆದು, ಉಪ್ಪು ಕಡಿಮೆ ಇರುವ ಬಫರ್‌ಗೆ (ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣ) ಹಾಕಿದರೆ ನೀರು ಹೀರಿ ಒಡೆಯುತ್ತವೆ. ಪೊರೆಯ ಚೂರುಗಳನ್ನು ಫಿಲ್ಟರ್ ತಡೆಯುತ್ತದೆ. ರಕ್ತದ ಗುಂಪಿನ ಗುರುತು ಇರುವುದು ಆ ಪೊರೆಯಲ್ಲಿ. ಪೊರೆ ಹೋದರೆ ಗುಂಪು ಹೊಂದಿಸುವ ಗೊಡವೆಯೂ ಹೋಯಿತು. ಆಂಬುಲೆನ್ಸ್‌ನಲ್ಲಿ ಇದು ಎಷ್ಟು ದೊಡ್ಡ ಅನುಕೂಲ ಅಲ್ವಾ!

ಆದರೆ ಕಣದಿಂದ ಹೊರಬಿದ್ದ ಹಿಮೋಗ್ಲೋಬಿನ್ ಅಪಾಯಕಾರಿ. ಒಂದು ಅಣುವಿನ ತೂಕ ಸುಮಾರು 64 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ). ಅದು ಎರಡು ಹೋಳಾಗಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ರಕ್ತನಾಳದ ಗೋಡೆಯೊಳಗೆ ನುಸುಳಿ ನೈಟ್ರಿಕ್ ಆಕ್ಸೈಡನ್ನೂ ಹೀರುತ್ತದೆ. ನಾಳ ಸಡಿಲವಾಗಿರಲು ಬೇಕಾದದ್ದೇ ಅದು. ಇಲ್ಲದಿದ್ದರೆ ನಾಳ ಬಿಗಿದು ಬಿಪಿ ಏರುತ್ತದೆ. ಹಿಮೋಗ್ಲೋಬಿನ್‌ನಿಂದ ಮಾಡಿದ ಹಳೆಯ ಕೃತಕ ರಕ್ತಗಳ ಪ್ರಯೋಗಗಳನ್ನೆಲ್ಲ 2008ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದಾಗ ಹೃದಯಾಘಾತ, ಸಾವು ಎರಡೂ ಜಾಸ್ತಿ ಕಂಡವು.

ಅದಕ್ಕೇ ಅಣುಗಳನ್ನು ಒಂದಕ್ಕೊಂದು ಅಂಟಿಸಿ ದೊಡ್ಡದು ಮಾಡುತ್ತೇವೆ. ಮೊದಲು ನೈಟ್ರೋಜನ್ ಹರಿಸಿ ಆಮ್ಲಜನಕವನ್ನು ಹೊರಗಟ್ಟಬೇಕು. ನೋಡನೋಡುತ್ತಾ ಕೆಂಪು ದ್ರವ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಈ ಸ್ಥಿತಿಯಲ್ಲಿ ಅಂಟಿಸಿದರೆ ಮುಂದೆ ಅದು ಆಮ್ಲಜನಕವನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಆಮೇಲೆ ಅಣುಗಳನ್ನು ಅಂಟಿಸುವ ರಾಸಾಯನಿಕ ಗ್ಲುಟರಾಲ್ಡಿಹೈಡನ್ನು ನಿಧಾನವಾಗಿ ತೊಟ್ಟಿಕ್ಕಿಸುತ್ತೇನೆ. ಆತುರ ಮಾಡಬಾರದು.

ಅಣುಗಳೇನು ನಾವು ಹೇಳಿದ ಅಳತೆಗೆ ಅಂಟುತ್ತವೆಯೇ? ದೊಡ್ಡದು, ಚಿಕ್ಕದು, ಅಂಟದೇ ಉಳಿದದ್ದು ಎಲ್ಲ ಬೆರೆತಿರುತ್ತದೆ. 500 ಕಿಲೋಡಾಲ್ಟನ್‌ನ ಟೊಳ್ಳುನಾರಿನ ಫಿಲ್ಟರ್‌ನಲ್ಲಿ ಸುತ್ತಿಸುತ್ತಾ, ಹೊಸ ಬಫರ್ ಸೇರಿಸುತ್ತಾ ಇರಬೇಕು. ಚಿಕ್ಕವು ಅದರ ರಂಧ್ರಗಳಿಂದ ಹೊರಹೋಗುತ್ತವೆ, ದೊಡ್ಡವು ಒಳಗೇ ಉಳಿಯುತ್ತವೆ. ಹೊರಬರುವ ನೀರು ಮೊದಲು ಕೆಂಪು, ಆಮೇಲೆ ತಿಳಿಗುಲಾಬಿ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಹಿಮೋಗ್ಲೋಬಿನ್ ಕಳೆದುಹೋಗುವುದರಿಂದ ಇಷ್ಟು ಸಾಕು ಅನ್ನಿಸುತ್ತದೆ. ಸಾಲದು. ರೋಗಿಯ ನಾಳ ಬಿಗಿಯುವುದು ಆ ಉಳಿದ ಗುಲಾಬಿ ಬಣ್ಣದಿಂದಲೇ. ಬಣ್ಣ ಪೂರ್ತಿ ಹೋದ ಮೇಲೂ ಕ್ರೊಮ್ಯಾಟೋಗ್ರಫಿಯಲ್ಲಿ (ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ತೋರಿಸುವ ಪರೀಕ್ಷೆ) ಚಿಕ್ಕ ಅಣುಗಳ ಗೆರೆ ಚಪ್ಪಟೆಯಾಗಿ ಮಲಗಿದೆಯೇ ನೋಡದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಇನ್ನೊಂದು ತಲೆನೋವು ಕಂದು ಬಣ್ಣ. ಹಿಮೋಗ್ಲೋಬಿನ್‌ನ ಕಬ್ಬಿಣ ಆಕ್ಸಿಡೀಕರಣಗೊಂಡರೆ ಅದು ಆಮ್ಲಜನಕ ಹಿಡಿಯುವುದಿಲ್ಲ. ಕಣದೊಳಗೆ ಇದನ್ನು ಸರಿಮಾಡಲು ಕಿಣ್ವ ಇದೆ, ನಮ್ಮ ಚೀಲದಲ್ಲಿ ಇಲ್ಲ. ಹಾಗಾಗಿ ಗಾಳಿ ತಾಗದಂತೆ ಮುಚ್ಚಿಡಬೇಕು.

ಇಷ್ಟೆಲ್ಲ ಯಾಕೆ ಅಂದರೆ, ದಾನಿಯ ಕೆಂಪು ಕಣಗಳಿಗೆ ಫ್ರಿಜ್ ಬೇಕು, ಅದರಲ್ಲೂ ಬಾಳಿಕೆ ಹೆಚ್ಚೆಂದರೆ 42 ದಿನ. ದಕ್ಷಿಣ ಆಫ್ರಿಕಾ 2001ರಲ್ಲಿ ಒಪ್ಪಿದ ಹೀಮೋಪ್ಯೂರ್ ಎಂಬ ಕೃತಕ ರಕ್ತ ಕೂಡ ದನದ ಹಿಮೋಗ್ಲೋಬಿನ್‌ನದೇ, ಅದು ಫ್ರಿಜ್ ಇಲ್ಲದೆ ಮೂರು ವರ್ಷ ಇರುತ್ತದೆ. ಇಂಥದ್ದು ದೇಹದಲ್ಲಿ ಕೆಲಸ ಮಾಡುವುದು ಒಂದೆರಡು ದಿನ ಅಷ್ಟೇ. ರಕ್ತನಿಧಿ ಇರುವ ಊರಿಗೆ ಗಾಯಾಳುವನ್ನು ಸಾಗಿಸಲು ಅಷ್ಟು ಹೊತ್ತು ಬೇಕಾದಷ್ಟಾಯಿತು.