ಡ್ರಾಪ್ಸ್ ಹಾಕೋದು ಹೇಳಿಕೊಟ್ಟರೆ ಸಾಲದು, ಹಾಕಿಸಿ ನೋಡಬೇಕು

ಕಣ್ಣಿನ ಪೊರೆ ಆಪರೇಷನ್ 15-20 ನಿಮಿಷದಲ್ಲಿ ಮುಗಿದುಹೋಗುತ್ತದೆ. ಆಮೇಲಿನ ಡ್ರಾಪ್ಸ್ ಸಾಮಾನ್ಯವಾಗಿ 4ರಿಂದ 6 ವಾರ ನಡೆಯುತ್ತದೆ. ಆ ವಾರಗಳಲ್ಲಿ ಡಾಕ್ಟರೂ ಜೊತೆಗಿರಲ್ಲ, ನಾವೂ ಇರಲ್ಲ. ಜಿಲ್ಲಾ ಆಸ್ಪತ್ರೆಯ ಕಣ್ಣು ಮತ್ತು ಕಿವಿ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುವ ನನಗೆ ಡಿಸ್ಚಾರ್ಜ್ ದಿನವೇ ಜಾಸ್ತಿ ಕೆಲಸದ ದಿನ ಅನ್ನಿಸುವುದು ಇದಕ್ಕೇ.

ಮೊದಲು ಕೇಳುವುದು, ಮನೆಯಲ್ಲಿ ಡ್ರಾಪ್ಸ್ ಹಾಕುವವರು ಯಾರು ಅಂತ. ಸಹಿ ಹಾಕಲು ಬಂದ ಮಗ ಸಾಯಂಕಾಲದ ಬಸ್ಸಿಗೆ ಬೆಂಗಳೂರಿಗೆ ಹೊರಟಿರುತ್ತಾನೆ. ಅವನಿಗೆ ಹೇಳಿ ಏನು ಉಪಯೋಗ? ಸೊಸೆಯೋ ಮೊಮ್ಮಗಳೋ, ಹಾಕುವ ಕೈ ಯಾರದೋ ಅವರನ್ನೇ ಮಂಚದ ಹತ್ತಿರ ಕರೆಯುತ್ತೇನೆ. ಒಂದು ಸಲ ನಾನು ಹಾಕಿ ತೋರಿಸುತ್ತೇನೆ. ಮುಂದಿನ ಹೊತ್ತಿನದು ಅವರೇ ಹಾಕಬೇಕು, ನಾನು ಸುಮ್ನೆ ನಿಂತು ನೋಡುತ್ತೇನೆ. ತಪ್ಪೆಲ್ಲ ಆಗಲೇ ಕಾಣುವುದು. ಬಾಟಲಿಯ ಮೂತಿ ರೆಪ್ಪೆಗೆ ತಾಗುತ್ತದೆ. ಒಂದು ಹನಿಯ ಬದಲು ಮೂರು ಬೀಳುತ್ತದೆ. ಅಜ್ಜಿ ಕಣ್ಣನ್ನು ಗಟ್ಟಿಯಾಗಿ ಹಿಂಡಿ ಮುಚ್ಚುತ್ತಾರೆ, ಬಿದ್ದ ಔಷಧಿ ಕೆನ್ನೆ ಮೇಲೆ ಹರಿಯುತ್ತದೆ.

ಸರಿಯಾದ ರೀತಿ ಇಷ್ಟೇ. ಕೈಯನ್ನು ಸೋಪು ಹಾಕಿ ತೊಳೆಯಬೇಕು. ಫ್ಯಾನ್ ನೋಡಿ ಅಂದರೆ ಕಣ್ಣು ತಾನಾಗಿ ಮೇಲೆ ಹೋಗುತ್ತದೆ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರೆ ಒಂದು ಜೇಬು ತೆರೆದಂತೆ ಆಗುತ್ತದೆ. ಅದರೊಳಗೆ ಒಂದೇ ಹನಿ. ಹೆಚ್ಚು ಹಾಕಿದರೆ ಅಲ್ಲಿ ನಿಲ್ಲಲ್ಲ. ಆಮೇಲೆ ಕಣ್ಣನ್ನು ಹಗುರವಾಗಿ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ಇದನ್ನು ಯಾರೂ ಮಾಡಲ್ಲ. 'ಸಿಸ್ಟರ್, ಡ್ರಾಪ್ಸ್ ಹಾಕಿದ್ರೆ ಗಂಟಲು ಕಹಿ ಆಗುತ್ತೆ' ಅಂತಾರಲ್ಲ, ಆ ಮೂಲೆಯ ಸಣ್ಣ ನಾಳದಿಂದ ಔಷಧಿ ಮೂಗಿಗೆ, ಗಂಟಲಿಗೆ ಇಳಿದಿದೆ ಅಂತ ಅರ್ಥ. ಗ್ಲಾಕೋಮಾಕ್ಕೆ (ಕಣ್ಣಿನೊಳಗಿನ ಒತ್ತಡದ ಕಾಯಿಲೆಗೆ) ಕೊಡುವ ಟಿಮೊಲಾಲ್ ಡ್ರಾಪ್ಸ್ ಹೀಗೆ ರಕ್ತಕ್ಕೆ ಸೇರಿದರೆ ಉಬ್ಬಸ ಇರುವವರಿಗೆ ಉಸಿರು ಕಟ್ಟಬಹುದು. ಅದಕ್ಕೇ ಕಣ್ಣಿನ ರೋಗಿಗೂ ಅಸ್ತಮಾ ಇದೆಯಾ ಅಂತ ಕೇಳಿ ಡಾಕ್ಟರಿಗೆ ತಿಳಿಸುತ್ತೇನೆ.

ಎರಡು ಬಾಟಲಿ ಇದ್ದರೆ ನಡುವೆ 5 ನಿಮಿಷ ಬಿಡಬೇಕು. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ. ಹಾಲಿನ ಬಣ್ಣದ ಸ್ಟೀರಾಯ್ಡ್ ಡ್ರಾಪ್ಸನ್ನು ಚೆನ್ನಾಗಿ ಅಲ್ಲಾಡಿಸಬೇಕು. ಅದನ್ನು ವಾರಕ್ಕೊಮ್ಮೆ ಕಡಿಮೆ ಮಾಡುತ್ತಾ ಬರುವ ಲೆಕ್ಕ ಓದು ಬಾರದವರಿಗೆ ಕಷ್ಟ. ನಾನು ಆ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಎಷ್ಟು ಸಲವೋ ಅಷ್ಟು ಚುಕ್ಕೆ ಇಡಲು ಹೇಳುತ್ತೇನೆ. ಹಾಕಿದಾಗೆಲ್ಲ ಒಂದು ಚುಕ್ಕೆ ಹೊಡೆದು ಹಾಕಿದರಾಯಿತು. ಬಾಟಲಿ ತೆರೆದು ಒಂದು ತಿಂಗಳಾದರೆ ಎಸೆಯಿರಿ ಅಂತ ಗಟ್ಟಿಯಾಗಿಯೇ ಹೇಳುತ್ತೇನೆ. ಉಳಿದದ್ದನ್ನು ಜೋಪಾನ ಮಾಡಿ, ಮುಂದೆ ಮೊಮ್ಮಗನ ಕಣ್ಣು ಕೆಂಪಾದಾಗ ಹಾಕುವವರು ನಮ್ಮಲ್ಲಿ ಕಮ್ಮಿ ಏನಿಲ್ಲ. ಕಾರಣ ಗೊತ್ತಿಲ್ಲದ ಕೆಂಪು ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹೋಗಬಹುದು.

ವಯಸ್ಸಾದವರಲ್ಲಿ ಹಳೆಯ ಹೆದರಿಕೆಯೊಂದು ಉಳಿದಿದೆ. ಡಾ. ಎಂ.ಸಿ. ಮೋದಿಯವರ ಉಚಿತ ಕಣ್ಣಿನ ಶಿಬಿರಗಳನ್ನು ಕಂಡವರು ಈಗಲೂ ಸಿಗುತ್ತಾರೆ. ಆ ಕಾಲದ ಆಪರೇಷನ್ನೇ ಬೇರೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಅಲ್ಲಾಡದೆ ಮಲಗಬೇಕಿತ್ತು, ಆಮೇಲೆ ದಪ್ಪ ಗಾಜಿನ ಕನ್ನಡಕ. ಈಗ ಲೆನ್ಸನ್ನು ಕಣ್ಣೊಳಗೇ ಕೂರಿಸುತ್ತಾರೆ, ಅವತ್ತೇ ಎದ್ದು ಓಡಾಡಬಹುದು. ಅಷ್ಟು ಹೇಳಿದರೆ ಸಾಕು, ಕೆಲವರು ಮರುದಿನವೇ ತೋಟಕ್ಕೆ ಹೊರಡುತ್ತಾರೆ! ಡಾಕ್ಟರ್ ಸರಿ ಅನ್ನುವವರೆಗೆ ತಲೆಗೆ ನೀರಿಲ್ಲ, ಭಾರ ಎತ್ತುವಂತಿಲ್ಲ, ಬಚ್ಚಲ ಒಲೆಯ ಹೊಗೆ ಬೇಡ, ರಾತ್ರಿ ಕಣ್ಣಿಗೆ ಶೀಲ್ಡ್ ಇರಲಿ. ನೋವು ಏರುತ್ತಿದ್ದರೆ, ಕೆಂಪು ಜಾಸ್ತಿಯಾದರೆ, ನಿನ್ನೆ ಕಂಡದ್ದು ಇವತ್ತು ಮಂಜಾದರೆ ಫಾಲೋ-ಅಪ್ ದಿನಕ್ಕೆ ಕಾಯಬಾರದು, ರಾತ್ರಿಯಾದರೂ ಬರಬೇಕು. ಒಳಗೆ ಸೋಂಕು ಆಗಿದ್ದರೆ ಅಲ್ಲಿ ಲೆಕ್ಕ ಗಂಟೆಗಳದ್ದು.

ನಮ್ಮ ಕಡೆ ಎಲೆ-ಅಡಿಕೆ ಇಲ್ಲದ ಮನೆ ಇಲ್ಲ, ಹಾಗಾಗಿ ಸುಣ್ಣವೂ ಕೈಗೆ ಸಿಗುವಲ್ಲೇ ಇರುತ್ತದೆ. ಮಗು ಪ್ಲಾಸ್ಟಿಕ್ ಪ್ಯಾಕೆಟ್ ಹಿಂಡಿದ ಕೂಡಲೇ ಒಡೆದು ಕಣ್ಣಿಗೆ ಚಿಮ್ಮುತ್ತದೆ. ಇಂಥ ಕೇಸ್ ಬಂದರೆ ಚೀಟಿ ಗೀಟಿ ಎಲ್ಲ ಆಮೇಲೆ. ಮರಗಟ್ಟಿಸುವ ಒಂದು ಹನಿ ಹಾಕಿ, ಡ್ರಿಪ್ ಸೆಟ್ಟಿನಿಂದ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಬಿಡಲು ಶುರು ಮಾಡುತ್ತೇವೆ. ಒಬ್ಬರು ತಲೆ ಹಿಡಿದಿರಬೇಕು, ಒಬ್ಬರು ರೆಪ್ಪೆ ತೆರೆದಿರಬೇಕು. ಬರೀ ನೀರು ಬಿಟ್ಟರೆ ಸಾಲದು. ಮೇಲಿನ ರೆಪ್ಪೆಯನ್ನು ಮಗುಚಿ ನೋಡಿದರೆ ಅಲ್ಲಿ ಬಿಳಿ ಕಣಗಳು ಅಂಟಿಕೊಂಡು ಕೂತಿರುತ್ತವೆ. ಒದ್ದೆ ಕಾಟನ್ ಬಡ್‌ನಿಂದ ಒಂದೊಂದಾಗಿ ತೆಗೆಯಬೇಕು. ಒಂದು ಕಣ ಉಳಿದರೂ ಅದು ಕರಗುತ್ತಾ ಸುಡುತ್ತಲೇ ಇರುತ್ತದೆ. ಅರ್ಧ ಗಂಟೆಯಾದರೂ ತೊಳೆದು, ನಿಲ್ಲಿಸಿ, 5-10 ನಿಮಿಷ ಬಿಟ್ಟು ಲಿಟ್ಮಸ್ ಕಾಗದ ಮುಟ್ಟಿಸುತ್ತೇವೆ. ನೀಲಿಗೆ ತಿರುಗಿದರೆ ಸುಣ್ಣದ ಅಂಶ ಇನ್ನೂ ಇದೆ ಅಂತ, ಮತ್ತೆ ತೊಳೆಯುವುದೇ. ಮನೆಯವರು ಮಾಡಬೇಕಾದ್ದು ಒಂದೇ, ಅಲ್ಲೇ ನಲ್ಲಿ ಕೆಳಗೆ ಧಾರಾಳವಾಗಿ 20 ನಿಮಿಷ ತೊಳೆದು ಆಮೇಲೆ ಗಾಡಿ ಹತ್ತುವುದು. ಹಾಲು, ತುಪ್ಪ, ಎದೆಹಾಲು ಯಾವುದೂ ಬೇಡ.

ಕಿವಿಯಲ್ಲಿ ಎಣ್ಣೆಯದೇ ಕಥೆ. ಕಿವಿ ಸೋರುತ್ತಿದ್ದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು ಎಲ್ಲರ ಮನೆಯ ಮದ್ದು. ಸೋರುವ ಕಿವಿಯ ತಮಟೆಯಲ್ಲಿ ಸಾಮಾನ್ಯವಾಗಿ ತೂತು ಇರುತ್ತದೆ, ಎಣ್ಣೆ ನೇರ ಒಳಗೇ ಹೋಗುತ್ತದೆ. ಅಲ್ಲಿ ಬೇಕಾದ್ದು ಒಣಗಿಸುವುದು. ಶುದ್ಧ ಹತ್ತಿಯನ್ನು ಬತ್ತಿ ಹೊಸೆದು, ಕಿವಿಯ ಬಾಯಲ್ಲಿ ಇಟ್ಟು, ಕೀವು ಹೀರಿದ ಮೇಲೆ ಬದಲಿಸುತ್ತಾ ಹೋಗಬೇಕು, ಬತ್ತಿ ಒಣಗಿಯೇ ಹೊರಬರುವ ತನಕ. ಆಮೇಲೆ ಡ್ರಾಪ್ಸ್. ಬಾಟಲಿಯನ್ನು ಕೆಲವು ನಿಮಿಷ ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಬೇಕು, ತಣ್ಣಗಿನದು ಬಿದ್ದರೆ ಗಿರ್ರನೆ ತಲೆ ಸುತ್ತುತ್ತದೆ. ದೊಡ್ಡವರ ಕಿವಿಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ, 3 ವರ್ಷದೊಳಗಿನ ಮಕ್ಕಳದ್ದನ್ನು ಕೆಳಕ್ಕೆ ಮತ್ತು ಹಿಂದಕ್ಕೆ ಎಳೆದರೆ ದಾರಿ ನೇರವಾಗುತ್ತದೆ. ಹಾಕಿದ ಕಿವಿ ಮೇಲೆ ಇರುವಂತೆ ಮಗ್ಗುಲಾಗಿ 5 ನಿಮಿಷ ಮಲಗಿರಲಿ.

ಎಣ್ಣೆಗೂ ಒಂದು ಜಾಗ ಇದೆ. ಜೀವಂತ ಹುಳ ಕಿವಿಗೆ ಹೋಗಿ ಗುಂಯ್‌ಗುಡುತ್ತಿದ್ದರೆ, ತಮಟೆ ಸರಿಯಿದ್ದವರಿಗೆ ಕೆಲವು ಹನಿ ಉಗುರುಬೆಚ್ಚಗಿನ ಎಣ್ಣೆ ಬಿಟ್ಟರೆ ಅದು ಸಾಯುತ್ತದೆ. ತೆಗೆಯುವುದು ನಮ್ಮ ಕೆಲಸ, ಪಿನ್ನು ಹಾಕಬೇಡಿ. ಕಡಲೆ, ಹುರುಳಿ ಹೋಗಿದ್ದರೆ ಏನೂ ಬಿಡಬಾರದು, ನೆನೆದು ಉಬ್ಬುತ್ತದೆ. ವಾಚಿನ ಬಟನ್ ಸೆಲ್ ಆದರೆ ತಡ ಮಾಡದೆ ಓಡಿ ಬನ್ನಿ.

ಕಿವಿ ಮಂದವಾದವರ ಹತ್ತಿರ ಕೂಗಿದರೆ ಮಾತು ಒಡೆದುಹೋಗುತ್ತದೆ. ಬೆಳಕಿಗೆ ಮುಖ ಕೊಟ್ಟು, ಮಾಸ್ಕ್ ತೆಗೆಯಬಹುದಾದ ಕಡೆ ತೆಗೆದು, ನಿಧಾನ ಮಾತಾಡುತ್ತೇನೆ. ಹಿಯರಿಂಗ್ ಏಡ್ ಸಿಕ್ಕವರದ್ದು ಮತ್ತೊಂದು ಗೋಳು. ಹಬ್ಬದ ಸೀರೆಯ ಜೊತೆ ಬೀರುವಿನಲ್ಲಿ ಇಟ್ಟಿರುತ್ತಾರೆ. ಕೇಳಿದರೆ, 'ಬಸ್ ಸ್ಟ್ಯಾಂಡಲ್ಲಿ ಹಾಕ್ಕೊಂಡ್ರೆ ಬರೀ ಗಲಾಟೆ ಸಿಸ್ಟರ್' ಅಂತಾರೆ. ನಿಜವೇ, ಅಷ್ಟು ವರ್ಷ ಕೇಳದ ಸದ್ದೆಲ್ಲ ಒಟ್ಟಿಗೆ ನುಗ್ಗಿದರೆ ಯಾರಿಗಾದರೂ ಸಾಕಾಗುತ್ತದೆ, ಅಲ್ವಾ? ಬೆಳಿಗ್ಗೆ ಕಾಫಿ ಹೊತ್ತಿಗೆ ಹಾಕಿಕೊಳ್ಳಿ, ಮನೆಯವರೊಬ್ಬರ ಜೊತೆ ಮಾತಾಡಿ, ದಿನಾ ಸ್ವಲ್ಪ ಹೊತ್ತು ಜಾಸ್ತಿ ಮಾಡಿ, ರಾತ್ರಿ ಸೆಲ್‌ನ ಬಾಗಿಲು ತೆರೆದಿಡಿ ಅಂತ ಹೇಳಿಕೊಡುತ್ತೇನೆ. ಬಸ್ ಸ್ಟ್ಯಾಂಡ್ ವಿಚಾರ ಆಮೇಲೆ ನೋಡಿಕೊಂಡರಾಯಿತು.