ಇಂಕ್‌ಜೆಟ್ ಕಾರ್ಟ್ರಿಡ್ಜ್‌ಗೆ ಎಂಜೈಮ್ ತುಂಬಿದ ಕಥೆ: ನನ್ನ ಅನುಭವ

ಮೊದಲ ಕಾರ್ಟ್ರಿಡ್ಜ್ ಸತ್ತಿದ್ದು ನಾನೇ ಬರೆದ ಒಂದು ಸಾಲು ಕೋಡ್‌ನಿಂದ. ನಾಜಲ್‌ನ (ಇಂಕ್ ಚಿಮ್ಮುವ ಸಣ್ಣ ತೂತಿನ) ಹೀಟರ್ ಆನ್ ಮಾಡುವ ಸಾಲು, ಆಫ್ ಮಾಡುವ ಸಾಲು, ಎರಡರ ಮಧ್ಯೆ ಏನಾಗ್ತಿದೆ ನೋಡೋಣ ಅಂತ ಕಂಪ್ಯೂಟರ್‌ಗೆ ಸಂದೇಶ ಕಳಿಸುವ ಒಂದು ಸೀರಿಯಲ್ ಪ್ರಿಂಟ್ ಹಾಕಿದ್ದೆ. ಹೀಟರ್ ಆನ್ ಇರಬೇಕಾಗಿದ್ದು 5 ಮೈಕ್ರೋಸೆಕೆಂಡ್. ಆದರೆ 9600 ಬಾಡ್ ವೇಗದಲ್ಲಿ ಒಂದು ಅಕ್ಷರ ಹೊರಗೆ ಹೋಗೋಕೇ ಸುಮಾರು 1 ಮಿಲಿಸೆಕೆಂಡ್ ಬೇಕು. ಕಳಿಸಬೇಕಾದ ಅಕ್ಷರಗಳು ಕಾಯುವ ಜಾಗ (ಬಫರ್) ತುಂಬಿದರೆ ಕೋಡ್ ಅಲ್ಲೇ ನಿಂತು ಕಾಯುತ್ತದೆ, ಹೀಟರ್ ಮಾತ್ರ ಉರಿಯುತ್ತಲೇ ಇರುತ್ತದೆ. ಲೆಕ್ಕ ಹಾಕಿ, 200 ಪಟ್ಟು ಜಾಸ್ತಿ ಹೊತ್ತು! ಹೊಗೆಯೂ ಬರಲಿಲ್ಲ, ಸದ್ದೂ ಆಗಲಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದರೆ ಒಂದಾದ ಮೇಲೊಂದು ನಾಜಲ್ ಓಪನ್, ಅಂದರೆ ಹೀಟರ್ ಸುಟ್ಟು ಕಡಿದುಹೋಗಿದೆ. ಹನ್ನೆರಡರಲ್ಲಿ ಎಂಟು ಹೋಗಿತ್ತು.

ಮಾಡೋಕೆ ಹೊರಟಿದ್ದು ಏನು ಅಂದರೆ, ಕಾಗದದ ಮೇಲೆ ಸಕ್ಕರೆ ಅಂಶ ಪತ್ತೆ ಮಾಡುವ ಸಣ್ಣ ಪಟ್ಟಿ. ನಾನು ಬೆಂಗಳೂರಿನ ಒಂದು ಕಾಲೇಜಿನ ಲ್ಯಾಬ್‌ನಲ್ಲಿದ್ದೇನೆ. ಕಾಗದದ ಮೈಕ್ರೋಫ್ಲೂಯಿಡಿಕ್ಸ್ ಅಂತ ಒಂದು ದಾರಿ ಇದೆ. 2007ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ಗುಂಪು ಶುರು ಮಾಡಿದ್ದು. ಫಿಲ್ಟರ್ ಕಾಗದದಲ್ಲಿ ನೀರು ತಾನಾಗೇ ಹರಿಯುತ್ತದೆ ಅಲ್ವಾ, ಅದಕ್ಕೆ ನೀರು ದಾಟದ ಗೋಡೆ ಕಟ್ಟಿದರೆ ಕಾಲುವೆ ಆಯಿತು. ಪಂಪೂ ಬೇಡ, ಕರೆಂಟೂ ಬೇಡ. ಕಾಲುವೆಯ ತುದಿಯಲ್ಲಿ ಎಂಜೈಮ್ ಇಟ್ಟರೆ ಅಲ್ಲಿ ಬಣ್ಣ ಬರುತ್ತದೆ. ನನ್ನ ತೊಂದರೆ ಇದ್ದಿದ್ದು ಆ ಎಂಜೈಮ್ ಇಡುವುದರಲ್ಲಿ. ಪಿಪೆಟ್‌ನಲ್ಲಿ ಅರ್ಧ ಮೈಕ್ರೋಲೀಟರ್ ಬಿಟ್ಟರೆ ಕಾಗದದ ಮೇಲೆ ಹರಡಿ, ಒಣಗುವಾಗ ಅಂಚಿಗೆ ಹೋಗಿ ಕೂರುತ್ತದೆ, ಮೇಜಿನ ಮೇಲೆ ಕಾಫಿ ಲೋಟ ಬಿಟ್ಟ ಉಂಗುರದ ಹಾಗೆ. ನಡುವೆ ತೆಳು, ಅಂಚಲ್ಲಿ ಗಾಢ. ಒಂದು ಪಟ್ಟಿ ಇದ್ದ ಹಾಗೆ ಇನ್ನೊಂದಿಲ್ಲ.

ಸಣ್ಣ ಸಣ್ಣ ಹನಿಯಾಗಿ ಹಾಕಿದರೆ ಸರಿಹೋಗುತ್ತೆ ಅನ್ನಿಸಿತು. ಸಣ್ಣ ಹನಿ ಹಾಕುವ ಯಂತ್ರ ಎಲ್ಲ ಆಫೀಸಿನಲ್ಲೂ ಇದೆ. ಆದರೆ ಈಗಿನ ಪ್ರಿಂಟರ್‌ಗಳ ಹೆಡ್‌ಗೆ ನಮ್ಮಂಥವರು ಕೈ ಹಾಕುವುದು ಕಷ್ಟ. ನೂರಾರು ನಾಜಲ್, ಚಿಪ್ ಒಳಗೇ ಲಾಜಿಕ್, ಯಾವ ತುದಿಗೆ ಏನು ಕೊಡಬೇಕು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಎಚ್‌ಪಿಯ ಸಿ6602 ಹಿಡಿದೆ. ಬಿಲ್ ಕೊಡುವ ಸಣ್ಣ ಪ್ರಿಂಟರ್‌ಗಳಿಗೆ ಬರುತ್ತಿತ್ತು. ಬರೀ 12 ನಾಜಲ್. 12 ಹೀಟರ್‌ಗೆ 12 ತಂತಿ, ಎಲ್ಲಕ್ಕೂ ಸೇರಿ ಒಂದು ಕಾಮನ್. ಇದರ ಮೂಲ 1984ರಲ್ಲಿ ಬಂದ ಥಿಂಕ್‌ಜೆಟ್ ಪ್ರಿಂಟರ್. ಅದರಲ್ಲೂ 12 ನಾಜಲ್, ಇಂಚಿಗೆ 96 ಚುಕ್ಕಿ.

ಒಳಗೆ ನಡೆಯುವುದು ಸರಳ. ಕಾದ ಕಾವಲಿಗೆ ನೀರು ಚಿಮುಕಿಸಿದರೆ ಚುಯ್ ಅನ್ನುತ್ತದಲ್ಲ, ಅದೇ. ನಾಜಲ್ ಹಿಂದೆ ಒಂದು ಪುಟ್ಟ ಹೀಟರ್ ಇದೆ, ಕೆಲವು ಮೈಕ್ರೋಸೆಕೆಂಡ್‌ನಲ್ಲಿ ಅದರ ಮೈ 300 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಅದಕ್ಕೆ ತಾಗಿದ ತೆಳು ಪದರ ಒಮ್ಮೆಲೇ ಆವಿಯಾಗಿ ಗುಳ್ಳೆ ಏಳುತ್ತದೆ, ಗುಳ್ಳೆ ಮುಂದಿನ ಇಂಕನ್ನು ತಳ್ಳುತ್ತದೆ, ಹನಿ ಹಾರುತ್ತದೆ, ಗುಳ್ಳೆ ಕುಸಿಯುತ್ತದೆ, ಖಾಲಿ ಜಾಗಕ್ಕೆ ಹಿಂದಿನಿಂದ ಹೊಸ ಇಂಕ್ ಬರುತ್ತದೆ. ಇದನ್ನು ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡರು. 1977ರಲ್ಲಿ ಜಪಾನಿನ ಕ್ಯಾನನ್‌ನಲ್ಲಿ ಇಚಿರೋ ಎಂಡೋ ಅವರ ಲ್ಯಾಬ್‌ನಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಇಂಕ್ ಚಿಮ್ಮಿತು. ಅಮೆರಿಕದ ಎಚ್‌ಪಿಯಲ್ಲಿ ಜಾನ್ ವಾಟ್‌ಗೆ ಕಾಫಿ ಪರ್ಕೊಲೇಟರ್ ನೋಡಿ ಹೊಳೆಯಿತು ಅಂತ ಹೇಳುತ್ತಾರೆ. ಪರ್ಕೊಲೇಟರ್‌ನಲ್ಲಿ ಕುದಿಯುವ ಗುಳ್ಳೆಗಳೇ ನೀರನ್ನು ಮೇಲಕ್ಕೆ ತಳ್ಳುತ್ತವೆ. ನಮ್ಮ ಫಿಲ್ಟರ್ ಕಾಫಿಯಲ್ಲಿ ಡಿಕಾಕ್ಷನ್ ಸುಮ್ನೆ ಕೆಳಕ್ಕೆ ತೊಟ್ಟಿಕ್ಕುತ್ತದೆ, ಅದನ್ನು ನೋಡಿಕೊಂಡು ಕೂತಿದ್ದರೆ ಈ ಐಡಿಯಾ ಬರುತ್ತಿರಲಿಲ್ಲ ಬಿಡಿ.

ಎರಡನೇ ಕಾರ್ಟ್ರಿಡ್ಜ್‌ಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ಗೆ ಹೋದೆ. ಒಂದು ರೀಫಿಲ್ ಅಂಗಡಿಯಲ್ಲಿ ಡಬ್ಬದ ತಳದಿಂದ ಒಂದನ್ನು ತೆಗೆದುಕೊಟ್ಟರು. ನೋಡಿದ ಕೂಡಲೇ ಪಕ್ಕದಲ್ಲಿ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದ ವಯಸ್ಸಾದ ಮೆಕ್ಯಾನಿಕ್ ಹೇಳಿದರು, "ಸಾರ್, ಒಣಗಿರೋದು ಅದು. ಮೂತಿ ಮಾತ್ರ ಬಿಸಿನೀರಲ್ಲಿ ಎರಡು ನಿಮಿಷ ಅದ್ದಿ, ಆಮೇಲೆ ಟಿಶ್ಯೂ ಮೇಲೆ ಒತ್ತಿ. ಗೆರೆ ಬಿದ್ರೆ ಜೀವ ಇದೆ. ಬೀಳ್ಲಿಲ್ಲ ಅಂದ್ರೆ ವಾಪಸ್ ತನ್ನಿ." ಅಲ್ಲೇ ಫ್ಲಾಸ್ಕಿನ ನೀರಲ್ಲಿ ಮಾಡಿ ತೋರಿಸಿದರು. ಟಿಶ್ಯೂ ಮೇಲೆ ಕೂದಲೆಳೆಯ ಗೆರೆಯೊಂದು ಬಿತ್ತು, ನಡುವೆ ಮೂರು ಕಡೆ ಖಾಲಿ. "ಒಂಬತ್ತು ನಡೀತಿದೆ, ಅರ್ಧ ರೇಟಿಗೆ ತಗೊಳ್ಳಿ" ಅಂದರು. ಒಂದೂವರೆ ವರ್ಷದಲ್ಲಿ ನಾನು ಕಲಿತ ತಪಾಸಣೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಈಗಲೂ ಪ್ರತಿ ಸಲ ಶುರು ಮಾಡುವ ಮೊದಲು ಟಿಶ್ಯೂ ಮೇಲೆ ಒತ್ತುತ್ತೇನೆ.

ಎಲೆಕ್ಟ್ರಾನಿಕ್ಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆರ್ಡುಯಿನೋ ಉನೋ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡ್, ಹೀಟರ್‌ಗೆ ಕರೆಂಟ್ ಹಾಯಿಸಲು ಎರಡು ಯುಎಲ್‌ಎನ್2803 ಚಿಪ್, ಸುಮಾರು 20 ವೋಲ್ಟ್‌ನ ಸಪ್ಲೈ, ಅಷ್ಟೇ. ಒಂದೇ ಎಚ್ಚರ: ಪಿನ್ ಆನ್-ಆಫ್ ಮಾಡುವ ಡಿಜಿಟಲ್‌ರೈಟ್ ಕಮಾಂಡ್ ಬಳಸಬೇಡಿ. ಉನೋದಲ್ಲಿ ಅದೇ ನಾಲ್ಕೈದು ಮೈಕ್ರೋಸೆಕೆಂಡ್ ತಿನ್ನುತ್ತದೆ, ನಿಮ್ಮ ಪಲ್ಸ್ ಇರುವುದೇ 5. ಪೋರ್ಟ್‌ಗೆ ನೇರವಾಗಿ ಬರೆಯಿರಿ. ಒಂದು ನಾಜಲ್ ಒಮ್ಮೆ ಉಗುಳಿದ ಮೇಲೆ ಅದಕ್ಕೆ 800 ಮೈಕ್ರೋಸೆಕೆಂಡ್ ಬಿಡುವು ಕೊಡಿ. ವೋಲ್ಟೇಜನ್ನು ಮೊದಲು ಕಮ್ಮಿ ಇಟ್ಟು ನಿಧಾನಕ್ಕೆ ಏರಿಸಿ. ಹನಿ ಬೀಳಲು ಶುರುವಾದ ಜಾಗ ಗುರುತು ಮಾಡಿಕೊಂಡು, ಅದಕ್ಕಿಂತ ಸ್ವಲ್ಪವೇ ಮೇಲೆ ಇಡಿ. ನನಗದು 18 ವೋಲ್ಟ್‌ಗೆ ಬಂದು ನಿಂತಿತು. ಇನ್ನೂ ಏರಿಸಿದರೆ ಹನಿ ದೊಡ್ಡದಾಗುವುದಿಲ್ಲ, ಹೀಟರ್ ಮಾತ್ರ ಬೇಗ ಸಾಯುತ್ತದೆ.

ನಿಜವಾದ ಪಾಡು ಶುರುವಾಗಿದ್ದು ಇಂಕ್ ತೆಗೆದು ನನ್ನ ದ್ರವ ತುಂಬಿದಾಗ. ಮೇಲಿನ ಮುಚ್ಚಳ ಕೊಯ್ದು, ಒಳಗಿನ ಇಂಕ್ ಖಾಲಿ ಮಾಡಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಬಿಳಿ ಟಿಶ್ಯೂ ಬಿಳಿಯಾಗೇ ಉಳಿಯುವ ತನಕ ತೊಳೆದೆ, ಅರ್ಧ ದಿನ ಹಿಡಿಯಿತು. ಆಮೇಲೆ ಒಂದು ಮಿಲಿಲೀಟರ್ ಬಫರ್ (ಇದು ಕೋಡ್‌ನ ಬಫರ್ ಅಲ್ಲ, ಎಂಜೈಮ್ ಕರಗಿಸುವ ದ್ರಾವಣ) ಸುರಿದೆ. ಸುರಿದ ಹಾಗೇ ನಾಜಲ್‌ನಿಂದ ಇಳಿಯಿತು. ಕರೆಂಟೇ ಕೊಟ್ಟಿಲ್ಲ, ಮೂತಿಯಲ್ಲಿ ನೀರು ಮಣಿಗಟ್ಟಿ ತೊಟ್ಟಿಕ್ಕುತ್ತಿದೆ! ಆಗ ಅರ್ಥ ಆಯಿತು, ಕಾರ್ಟ್ರಿಡ್ಜ್ ಅಂದರೆ ಬರೀ ಡಬ್ಬಿ ಅಲ್ಲ. ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂಚೂರು ಕಮ್ಮಿ ಇರಬೇಕು, ಯಾರೋ ಹಿಂದಿನಿಂದ ಮೆಲ್ಲಗೆ ಉಸಿರು ಎಳೆದು ಹಿಡಿದ ಹಾಗೆ. ಜಾಸ್ತಿ ಎಳೆದರೆ ನಾಜಲ್‌ನಿಂದ ಗಾಳಿ ಒಳಗೆ ಹೋಗುತ್ತದೆ, ಕಮ್ಮಿ ಎಳೆದರೆ ಸೋರುತ್ತದೆ. ಮಾಮೂಲಿ ಕಾರ್ಟ್ರಿಡ್ಜ್‌ಗಳಲ್ಲಿ ಈ ಕೆಲಸಕ್ಕೆ ಸ್ಪಂಜೋ ರಬ್ಬರ್ ಚೀಲವೋ ಇರುತ್ತದೆ. ಅದನ್ನು ನಾನೇ ಕಿತ್ತು ಬಿಸಾಕಿದ್ದೆ. ಕೊನೆಗೆ ಒಂದು ಹೊಸ ಸ್ಪಂಜ್ ತುಂಡನ್ನು ಚೆನ್ನಾಗಿ ತೊಳೆದು ಒಳಗೆ ತುರುಕಿದೆ. ಸೋರುವುದು ನಿಂತಿತು.

ಆಮೇಲೆ ಪಾಕದ ಕಥೆ. ಎಂಜೈಮ್ ಕಾಗದದ ಮೇಲೆ ಒಣಗಿದ ಮೇಲೂ ಕೆಲಸ ಮಾಡಬೇಕು ಅಂದರೆ ಟ್ರೆಹಲೋಸ್ ಅನ್ನುವ ಸಕ್ಕರೆ ಬೆರೆಸುತ್ತಾರೆ. ನಾನೂ ಬೆರೆಸಿ ತುಂಬಿದೆ. ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಟೀ ಕುಡಿದು ಬರೋಣ ಅಂತ ಹೋಗಿ ಬಂದರೆ ಒಂದೂ ನಾಜಲ್ ಉಗುಳುತ್ತಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಪ್ರತಿ ತೂತಿನ ಬಾಯಿಗೂ ಗಾಜಿನಂಥ ಬಿರಡೆ, ಒಂದೆಳೆ ಪಾಕ ಆರಿ ಗಟ್ಟಿಯಾದ ಹಾಗೆ. ತೂತಿನ ಬಾಯಿ ಇರುವುದೇ ಕೂದಲಿನಷ್ಟು, ಅಲ್ಲಿ ನೀರು ಆವಿಯಾಗೋಕೆ ಟೀ ಕುಡಿಯುವಷ್ಟು ಹೊತ್ತು ಬೇಕಾಗಿಲ್ಲ. ಬಿಸಿನೀರಲ್ಲಿ ಅದ್ದಿದೆ, ಏಳು ನಾಜಲ್ ವಾಪಸ್ ಬಂದವು. ಆದರೂ ಹನಿಗೆ ಮೊದಲಿನ ಜೋರಿಲ್ಲ. ಈ ಸಲ ಹೀಟರ್ ಮೇಲೆ ಏನೋ ಸೀದು ಅಂಟಿಕೊಂಡಿತ್ತು, ಅನ್ನ ತಳ ಹಿಡಿದ ಹಾಗೆ. ಇದಕ್ಕೆ ಇಂಕ್‌ಜೆಟ್‌ನವರು ಕೊಗೇಷನ್ ಅನ್ನುತ್ತಾರೆ. 'ಕೊಗೆ' ಅಂದರೆ ಜಪಾನಿ ಭಾಷೆಯಲ್ಲಿ ಸೀದದ್ದು ಅಂತಲೇ ಅರ್ಥ. ಅಂದರೆ ನಮ್ಮ ಸೀಕಲು. ಹೆಸರಿಟ್ಟವರೂ ಎಲ್ಲೋ ಅನ್ನದ ಪಾತ್ರೆ ಉಜ್ಜಿದವರೇ ಇರಬೇಕು.

ಪರಿಹಾರ ಹೊಳೆದಿದ್ದು ಅಡುಗೆಮನೆಯ ಲೆಕ್ಕದಲ್ಲೇ. ಎಲ್ಲವನ್ನೂ ಒಂದೇ ಪಾತ್ರೆಗೆ ಯಾಕೆ ಹಾಕಬೇಕು? ಟ್ರೆಹಲೋಸ್, ಬಣ್ಣ ಬರಿಸುವ ಪೊಟ್ಯಾಸಿಯಂ ಅಯೋಡೈಡ್ ಎರಡನ್ನೂ ಮೊದಲೇ ಕಾಗದಕ್ಕೆ ಅದ್ದಿ ಒಣಗಿಸಿಟ್ಟೆ. ಕಾರ್ಟ್ರಿಡ್ಜ್‌ಗೆ ಎಂಜೈಮ್ ಮತ್ತು ತೆಳು ಬಫರ್ ಮಾತ್ರ, ಜೊತೆಗೆ ಬಾಯಿ ಒಣಗದಿರಲಿ ಅಂತ ನೂರಕ್ಕೆ ಹತ್ತು ಭಾಗ ಗ್ಲಿಸರಾಲ್, ಸೋಪಿನಂಥ ಟ್ವೀನ್ ಒಂದು ತೊಟ್ಟು. ಟ್ವೀನ್ ಜಾಸ್ತಿಯಾದರೆ ನೊರೆ ಏಳುತ್ತದೆ, ನೊರೆ ಅಂದರೆ ಗಾಳಿ. ಹೀಟರ್ ಇರುವ ಕೋಣೆಯಲ್ಲಿ ಒಂದು ಗಾಳಿ ಗುಳ್ಳೆ ಕೂತರೆ ಮುಗಿಯಿತು, ಹೀಟರ್ ಎಷ್ಟು ತಳ್ಳಿದರೂ ಆ ಗುಳ್ಳೆಯೇ ಹಿಗ್ಗಿ ಕುಗ್ಗಿ ಎಲ್ಲವನ್ನೂ ನುಂಗಿಕೊಳ್ಳುತ್ತದೆ. ಹಾಗಾಗಿ ತುಂಬುವ ಮೊದಲು ದ್ರವವನ್ನು ವ್ಯಾಕ್ಯೂಮ್‌ನಲ್ಲಿ ಅರ್ಧ ಗಂಟೆ ಇಡುತ್ತೇನೆ.

ಒಂದು ಹನಿ ಎಷ್ಟು ದೊಡ್ಡದು ಅಂತ ತಿಳಿಯಲು ತೂಕ ಹಾಕಿದೆ. ಅಲ್ಯೂಮಿನಿಯಂ ಹಾಳೆಯಲ್ಲಿ ಪುಟ್ಟ ದೊನ್ನೆ ಮಾಡಿ, ಒಂಬತ್ತು ನಾಜಲ್‌ನಿಂದ ತಲಾ 1 ಲಕ್ಷ ಹನಿ ಉಗುಳಿಸಿದೆ. 80 ಸೆಕೆಂಡ್ ಸಾಕಾಯಿತು. ತೂಕ ಬಂದಿದ್ದು 126 ಮಿಲಿಗ್ರಾಂ, ಅಂದರೆ ಹನಿಗೆ ಸುಮಾರು 140 ಪಿಕೋಲೀಟರ್. ದೊನ್ನೆಯಿಂದ ಆವಿಯಾಗಿ ಹೋಗಿದ್ದನ್ನು ಸೇರಿಸಿದರೆ ಸ್ವಲ್ಪ ಜಾಸ್ತಿಯೇ ಇರಬಹುದು. ಒಂದು ಮಿಲಿಲೀಟರ್‌ಗೆ 70 ಲಕ್ಷ ಹನಿ! ನಾನು ಪಿಪೆಟ್‌ನಲ್ಲಿ ಬಿಡುತ್ತಿದ್ದ ಅರ್ಧ ಮೈಕ್ರೋಲೀಟರ್ ಅಂದರೆ ಇಲ್ಲಿ ಮೂರೂವರೆ ಸಾವಿರ ಹನಿ. ಎಷ್ಟು ಬೇಕೋ ಅಷ್ಟು ಎಣಿಸಿ ಹಾಕಬಹುದು.

ನಮ್ಮ ಗೈಡ್ ಮೇಡಂ ಕೇಳಿದ ಪ್ರಶ್ನೆ ಒಂದೇ: "300 ಡಿಗ್ರೀಲಿ ನಿನ್ನ ಎಂಜೈಮ್ ಬದುಕುತ್ತಾ?" ನನಗೂ ಅದೇ ಭಯ. ಆದರೆ ಕಾಯುವುದು ಹೀಟರ್‌ಗೆ ಅಂಟಿದ ತೆಳು ಪದರ ಮಾತ್ರ, ಅದೂ ಕಣ್ಣು ಮಿಟುಕಿಸುವುದರ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಬೋಲಂಡ್ 2000ದ ದಶಕದ ಶುರುವಿನಲ್ಲೇ ಮಾಮೂಲಿ ಪ್ರಿಂಟರ್ ಬದಲಾಯಿಸಿ ಜೀವಂತ ಕೋಶಗಳನ್ನೇ ಹೀಗೆ ಹಾರಿಸಿದ್ದರು, ಬಹುಪಾಲು ಬದುಕಿದ್ದವು. ಮೇಡಂಗೆ ಇದು ಸಾಲಲಿಲ್ಲ, ಸರಿಯೇ. ಒಂದು ಪುಟ್ಟ ಟ್ಯೂಬ್‌ಗೆ 20 ಮೈಕ್ರೋಲೀಟರ್ ಉಗುಳಿಸಿದೆ, ಇನ್ನೊಂದಕ್ಕೆ ಅದೇ ದ್ರವ ಪಿಪೆಟ್‌ನಲ್ಲಿ ಹಾಕಿದೆ, ಎರಡಕ್ಕೂ ಒಂದೇ ಅಳತೆಯ ಗ್ಲೂಕೋಸ್ ಮತ್ತು ಅಯೋಡೈಡ್. ಎರಡೂ ಒಟ್ಟಿಗೇ ಕಂದು ಬಣ್ಣಕ್ಕೆ ತಿರುಗಿದವು. ಯಾವುದು ಯಾವುದು ಅಂತ ಹೇಳದೆ ಮೇಡಂ ಮುಂದೆ ಇಟ್ಟೆ. ತಪ್ಪಾಗಿ ಹೇಳಿದರು, ನನಗೆ ಖುಷಿಯಾಯಿತು.

ಕಾಗದದ ಗೋಡೆಗೆ ಮೇಣ ಪ್ರಿಂಟ್ ಮಾಡುವ ಯಂತ್ರ ನಮ್ಮಲ್ಲಿಲ್ಲ. ಮಕ್ಕಳ ಮೇಣದ ಬಳಪದಲ್ಲಿ ಫಿಲ್ಟರ್ ಕಾಗದದ ಮೇಲೆ ಒತ್ತಿ ಗೆರೆ ಎಳೆದು, ಮನೆಯ ಹಳೇ ದೋಸೆ ಕಾವಲಿ ಮೇಲೆ ಎರಡು ನಿಮಿಷ ಇಟ್ಟೆ. ಮೇಣ ಕರಗಿ ಕಾಗದದ ಹಿಂಬದಿಗೂ ಇಳಿದು ಗೋಡೆಯಾಯಿತು. ಗೆರೆ ಹರಡಿ ದಪ್ಪ ಆಗುತ್ತದೆ, ಅದಕ್ಕೆ ಕಾಲುವೆಯನ್ನು ಮೊದಲೇ ಅಗಲ ಬಿಡಬೇಕು. ಹಳೇ ಡಿವಿಡಿ ಡ್ರೈವ್‌ನ ಮೋಟರ್‌ನಲ್ಲಿ ಕಾಗದ ಸರಿಸಿ, ಒಂದೇ ಕಡೆ ಕೊಚ್ಚೆ ಆಗದ ಹಾಗೆ ಪದರ ಪದರವಾಗಿ ಹಾಕಿದೆ. ಕಾಲುವೆಯ ಬುಡವನ್ನು ಗ್ಲೂಕೋಸ್ ನೀರಲ್ಲಿ ಅದ್ದಿದಾಗ ಕಂದು ಬಣ್ಣ ಉಂಗುರವಾಗಿ ಬರಲಿಲ್ಲ. ಕಾಲುವೆಯ ತುದಿಯ ಬಟ್ಟಲಿನಂಥ ಜಾಗದ ತುಂಬ ಒಂದೇ ಸಮ ಬಂತು. ಇಷ್ಟಕ್ಕೆ ಏಳು ತಿಂಗಳು.

ಪಕ್ಕದ ಲ್ಯಾಬ್‌ನವರು "ಬಯಾಲಜಿಗೆ ಪ್ರಿಂಟರ್ ಯಾಕೋ" ಅಂತ ನಗುತ್ತಿದ್ದರು. ಅವರು ದಿನಾ ಹೊಗಳುವ, ಕೋಶಗಳನ್ನು ಬೇರ್ಪಡಿಸುವ ಸೆಲ್ ಸಾರ್ಟರ್ ಯಂತ್ರ ಹುಟ್ಟಿದ್ದೇ ಇಂಕ್‌ಜೆಟ್‌ನಿಂದ. ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ಇಂಕ್ ಹನಿಗೆ ವಿದ್ಯುತ್ ಚಾರ್ಜ್ ಕೊಟ್ಟು ಬೇಕಾದ ಕಡೆ ತಿರುಗಿಸುವುದನ್ನು ಮಾಡಿದ್ದರು, ಅದನ್ನೇ ಹಿಡಿದು ಲಾಸ್ ಅಲಮೋಸ್‌ನಲ್ಲಿ ಮ್ಯಾಕ್ ಫುಲ್ವೈಲರ್ 1965ರಲ್ಲಿ ರಕ್ತದ ಕೋಶಗಳನ್ನು ಹನಿ ಹನಿಯಾಗಿ ಬೇರೆ ಮಾಡಿದರು. ಅದನ್ನು ಹೇಳಿದ ಮೇಲೆ ನಗು ಸ್ವಲ್ಪ ಕಮ್ಮಿಯಾಯಿತು.

ಹೀಟರ್ ಇಲ್ಲದ ಪೀಜೋ ಹೆಡ್ ಯಾಕೆ ಬಳಸಲಿಲ್ಲ ಅಂತ ಕೇಳುವವರಿದ್ದಾರೆ. ಅದು ಬಿಸಿ ಮಾಡುವುದಿಲ್ಲ, ಕರೆಂಟ್ ಕೊಟ್ಟಾಗ ಗೋಡೆಯೇ ಬಾಗಿ ತಳ್ಳುತ್ತದೆ, ಎಂಜೈಮ್‌ಗೆ ಒಳ್ಳೆಯದೇ. ಆದರೆ ಹೆಡ್ ದುಬಾರಿ, ಒಂದು ಸಲ ಪಾಕ ಕಟ್ಟಿದರೆ ಅಳಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ 1984ರ ಆ ಪ್ರಿಂಟರ್‌ನ ದೊಡ್ಡ ಜಾಣತನ ಗುಳ್ಳೆಯದಲ್ಲ. ಕಟ್ಟಿಕೊಳ್ಳುವುದು, ಸೀಯುವುದು ಎರಡನ್ನೂ ಪೂರ್ತಿ ತಪ್ಪಿಸೋಕಾಗಲ್ಲ ಅಂತ ಒಪ್ಪಿಕೊಂಡು, ಇಂಕ್ ಮುಗಿದಾಗ ಹೆಡ್ ಸಮೇತ ಎಸೆಯುವ ಹಾಗೆ ಮಾಡಿದರಲ್ಲ, ಅದು. ಪರಿಸರಕ್ಕೆ ಕೆಟ್ಟದ್ದು, ನಿಜ. ನನ್ನಂಥವನಿಗೆ ಅದೇ ವರ. ಅಷ್ಟಾದರೂ ನಾನೇ ಎಸೆಯುವುದಿಲ್ಲ, ಅದು ಬೇರೆ ಮಾತು.

ಈಗ ನಡೆಯುತ್ತಿರುವುದು ಆರನೇ ಕಾರ್ಟ್ರಿಡ್ಜ್. ಕೆಲಸ ಮುಗಿದ ಕೂಡಲೇ ಡಿಸ್ಟಿಲ್ಡ್ ವಾಟರ್ ತುಂಬಿ ಸಾವಿರ ಹನಿ ಉಗುಳಿಸಿ, ಒದ್ದೆ ಸ್ಪಂಜಿನ ಮೇಲೆ ಮೂತಿ ಕೆಳಗಾಗಿ ನಿಲ್ಲಿಸಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಲ್ಯಾಬ್ ಫ್ರಿಜ್‌ನಲ್ಲಿಡುತ್ತೇನೆ. ಡಬ್ಬಿ ಊಟದ್ದೇ, ಹಾಗಾಗಿ ಮೇಲೆ "ಚಿತ್ರಾನ್ನ ಅಲ್ಲ" ಅಂತ ಚೀಟಿ ಅಂಟಿಸಿದೆ. ನಾಲ್ಕು ತಿಂಗಳಾಯಿತು, ಹನ್ನೊಂದು ನಾಜಲ್ ನಡೀತಿವೆ. ಏಳನೇ ನಾಜಲ್ ಮಾತ್ರ ಸೋಮವಾರ ಉಗುಳುತ್ತದೆ, ಮಂಗಳವಾರ ಉಗುಳುವುದಿಲ್ಲ, ಯಾಕೆ ಅಂತ ಇನ್ನೂ ಹುಡುಕುತ್ತಿದ್ದೇನೆ.