21 ದಿನದ ಲೆಕ್ಕ: ಅಮ್ಮನ ಕೀಮೋಗೆ ಮನೆಯನ್ನು ಹೊಂದಿಸಿಕೊಂಡ ಬಗೆ

ಅಮ್ಮನಿಗೆ ಸ್ತನ ಕ್ಯಾನ್ಸರ್, 21 ದಿನಕ್ಕೊಮ್ಮೆ ಕೀಮೋ. ನಾವು ಮೊದಲು ಮಾಡಿದ ಕೆಲಸ, ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ತಾರೀಕಿನ ಪಕ್ಕ ಕೆಂಪು ಪೆನ್ನಿನಲ್ಲಿ 1ರಿಂದ 21ರವರೆಗೆ ಬರೆದದ್ದು. ಕೀಮೋ ಹಾಕಿದ ದಿನ 1. ಅಡುಗೆ, ನೆಂಟರು, ಯಾರು ರಜೆ ಹಾಕಬೇಕು, ಎಲ್ಲವೂ ಆ ಸಂಖ್ಯೆ ನೋಡಿಕೊಂಡೇ ತೀರ್ಮಾನವಾಗುತ್ತಿತ್ತು. ಕ್ಯಾನ್ಸರ್ ಬಂದ ಮನೆಯಲ್ಲಿ ಗಾಬರಿ ಹೆಚ್ಚುವುದು ಮುಂದಿನ ವಾರ ಹೇಗಿರುತ್ತದೋ ಗೊತ್ತಿಲ್ಲದಿದ್ದಾಗ. ಆದರೆ ಸೈಕಲ್‌ನ (ಒಂದು ಕೀಮೋದಿಂದ ಮುಂದಿನದರವರೆಗಿನ 21 ದಿನದ ಸುತ್ತು) ಯಾವ ದಿನ ಏನಾಗಬಹುದು ಅನ್ನುವುದು ಬಹುಮಟ್ಟಿಗೆ ಮೊದಲೇ ತಿಳಿಯುತ್ತದೆ.

1ರಿಂದ 5: ವಾಕರಿಕೆಯ ದಿನಗಳು. ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಚೀಟಿಯಲ್ಲಿ ಬರೆದ ಹೊತ್ತಿಗೇ, ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬೇಕು. ಈ ದಿನಗಳಲ್ಲಿ ಇಂಗು, ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯೇ ಶತ್ರು. ಅಮ್ಮ ಮಲಗುವ ಕೋಣೆಯ ಬಾಗಿಲು ಹಾಕಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿಯೇ ಒಗ್ಗರಣೆ. ಬಿಸಿ ಊಟಕ್ಕಿಂತ ಆರಿದ ಊಟದಲ್ಲಿ ವಾಸನೆ ಕಡಿಮೆ, ಹಾಗಾಗಿ ಇಡ್ಲಿ, ಮೊಸರನ್ನ, ರಾಗಿ ಗಂಜಿ ಚೆನ್ನಾಗಿ ಒಳಗೆ ಹೋಗುತ್ತವೆ. ತಟ್ಟೆ ತುಂಬ ಬಡಿಸಬೇಡಿ, ನೋಡಿಯೇ ಬೇಡ ಅನ್ನುತ್ತಾರೆ. ಎರಡು ಗಂಟೆಗೊಮ್ಮೆ ಒಂದು ಸಣ್ಣ ಬಟ್ಟಲು ಸಾಕು. ಬಾಯೆಲ್ಲ ಕಬ್ಬಿಣದ ರುಚಿ ಅಂದರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಅಥವಾ ಮರದ್ದು ಕೊಡಿ.

ಮೂರನೇ ದಿನದ ಹೊತ್ತಿಗೆ ಮಲಬದ್ಧತೆ. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಕೂಡ ಅದಕ್ಕೆ ಕಾರಣ. ಡಾಕ್ಟರ ಬಳಿ ಮೊದಲೇ ಕೇಳಿ ಔಷಧಿ ಬರೆಸಿಟ್ಟುಕೊಳ್ಳಿ. ಮನೆಯಲ್ಲೇ ಎನಿಮಾ ಕೊಡಲು ಹೋಗಬೇಡಿ. ರಕ್ತಕಣ ಕಡಿಮೆ ಇದ್ದಾಗ ಸಣ್ಣ ಗಾಯದಿಂದಲೂ ಸೋಂಕು ಒಳಹೊಗುತ್ತದೆ.

ಮೊದಲ 48 ಗಂಟೆ ಔಷಧಿಯ ಅಂಶ ಮೂತ್ರ, ಮಲ, ವಾಂತಿಯಲ್ಲಿ ಹೊರಗೆ ಹೋಗುತ್ತದೆ. ಕಮೋಡ್ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಬೇಕು. ಕೊಳೆಯಾದ ಬಟ್ಟೆಯನ್ನು ಗ್ಲೌಸ್ ಹಾಕಿಕೊಂಡು ಎತ್ತಿ, ಉಳಿದವರ ಬಟ್ಟೆಯ ಜತೆ ಸೇರಿಸದೆ ಎರಡು ಸಲ ಒಗೆಯಬೇಕು. ಗರ್ಭಿಣಿಯರು ಈ ಕೆಲಸಕ್ಕೆ ಬೇಡ. ಡಾಕ್ಸೋರುಬಿಸಿನ್ ಎಂಬ ಕೀಮೋ ಔಷಧಿ ಕೊಟ್ಟಿದ್ದರೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ರಕ್ತವಲ್ಲ, ಔಷಧಿಯದೇ ಬಣ್ಣ. ಆದರೆ ತಟ್ಟೆ ಲೋಟ ಬೇರೆ ಮಾಡುವುದು, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವುದು ಬೇಕಿಲ್ಲ. ಕ್ಯಾನ್ಸರ್ ಅಂಟುಜಾಡ್ಯ ಅಲ್ಲ. ತೊಡೆಯ ಮೇಲೆ ಮಗು ಕೂತರೆ ಅಜ್ಜಿಗೆ ಒಂದು ಬಟ್ಟಲು ಗಂಜಿ ಹೆಚ್ಚೇ ಸೇರುತ್ತದೆ. ಮಗುವಿಗೆ ನೆಗಡಿ ಇದ್ದರೆ ಮಾತ್ರ ದೂರ.

7ರಿಂದ 14: ಇದು ನಿಜವಾಗಿ ಎಚ್ಚರ ಬೇಕಾದ ವಾರ. ಅಮ್ಮ ಹುಷಾರಾದಂತೆ ಕಾಣುತ್ತಾರೆ, ಊಟ ಮಾಡುತ್ತಾರೆ, ಮನೆಯವರು ಮೈಮರೆಯುವುದು ಆಗಲೇ. ಆದರೆ ಬಿಳಿ ರಕ್ತಕಣ ತೀರಾ ಇಳಿಯುವುದೂ ಇದೇ ದಿನಗಳಲ್ಲಿ. ಕೋಸಂಬರಿ, ಹಸಿ ಸೊಪ್ಪು, ಹೊರಗೆ ಹೆಚ್ಚಿಟ್ಟ ಹಣ್ಣು, ರಸ್ತೆಬದಿಯ ಜ್ಯೂಸ್ ಬೇಡ. ಬಾಳೆಹಣ್ಣು, ಕಿತ್ತಳೆಯಂಥ ಸಿಪ್ಪೆ ಸುಲಿಯುವ ಹಣ್ಣನ್ನು ತೊಳೆದು ಸುಲಿದು ಕೊಡಬಹುದು. ಮೊಟ್ಟೆ ತಿನ್ನುವವರಾದರೆ ಗಟ್ಟಿಯಾಗಿ ಬೇಯಿಸಿ. ಬಾಯಿಹುಣ್ಣು ಬರುವುದೂ ಈಗಲೇ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರರ್ಧ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಬೇಕು. ಅಂಗಡಿಯಲ್ಲಿ ಸಿಗುವ ಉರಿಯುವ ಮೌತ್‌ವಾಶ್ ಬೇಡ.

ಜ್ವರದ ವಿಷಯ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ, ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು. ಜ್ವರಕ್ಕೆ ಅಂತ ಡೋಲೋ (ಪ್ಯಾರಾಸಿಟಮಾಲ್) ಕೊಟ್ಟು ಮಲಗಿಸುವುದು ನಮ್ಮ ಮನೆಗಳಲ್ಲಿ ರೂಢಿ. ಇಲ್ಲಿ ಅದು ಅಪಾಯ: ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕು ಒಳಗೇ ಏರುತ್ತದೆ. ಬಿಳಿ ರಕ್ತಕಣ ಏರಿಸುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ತಗೊಂಡಾಗ ಮೂಳೆನೋವು ಬರುತ್ತದೆ, ಅದಕ್ಕೆ ಪ್ಯಾರಾಸಿಟಮಾಲ್ ಬರೆದಿರುತ್ತಾರೆ. ಪ್ರತಿ ಮಾತ್ರೆಗೂ ಮುಂಚೆ ಥರ್ಮಾಮೀಟರ್ ಇಟ್ಟು, ಓದಿದ್ದನ್ನು ಬರೆದಿಡಿ. ಆ ಇಂಜೆಕ್ಷನ್ ಫ್ರಿಜ್‌ನ ನಡುವಿನ ತಟ್ಟೆಯಲ್ಲಿರಲಿ. ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿದರೆ ಕೆಡಬಹುದು, ಬಾಗಿಲಲ್ಲಿಟ್ಟರೆ ತಣ್ಣಗೆ ನಿಲ್ಲುವುದಿಲ್ಲ. ಕರೆಂಟ್ ಹೋದಾಗ ಫ್ರಿಜ್ ತೆರೆಯಬಾರದು.

ತುರ್ತು ವಿಭಾಗದಲ್ಲಿ ಹೇಳಬೇಕಾದ ಮೊದಲ ಮಾತು: "ಕೀಮೋ ಪೇಷೆಂಟ್, ಇವತ್ತು ಹತ್ತನೇ ದಿನ, ಜ್ವರ 101." ಬರೀ "ಜ್ವರ" ಅಂದರೆ ಸಾಲಿನಲ್ಲಿ ಕೂರಿಸಿಬಿಡಬಹುದು. ಔಷಧಿಗಳ ಹೆಸರು, ಕೊನೆಯ ಕೀಮೋ ತಾರೀಕು, ಕೊನೆಯ ಸಿಬಿಸಿ (ರಕ್ತಕಣ ಎಣಿಸುವ ಪರೀಕ್ಷೆ), ಡಾಕ್ಟರ ನಂಬರ್, ಇವಿಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಬ್ಯಾಗಿನಲ್ಲಿ ಇಟ್ಟಿದ್ದೆವು. ನೀವು ಚಿಕಿತ್ಸೆ ಪಡೆಯುವ ಆಸ್ಪತ್ರೆ ಹೊಸೂರು ರಸ್ತೆಯ ಕಡೆ ಇದ್ದು ಮನೆ ಯಲಹಂಕದಲ್ಲಿದ್ದರೆ, ರಾತ್ರಿ ಹೊತ್ತು ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಮೊದಲನೇ ಸೈಕಲ್‌ಗೆ ಮುಂಚೆಯೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ನೆಂಟರು ಬರಲಿ, ಆದರೆ 15ನೇ ದಿನದ ನಂತರ. "ಈ ವಾರ ಬ್ಲಡ್ ಕೌಂಟ್ ಕಡಿಮೆ ಇರುತ್ತೆ, ಡಾಕ್ಟರ್ ಯಾರೂ ಬರಬೇಡಿ ಅಂದಿದ್ದಾರೆ, ಮುಂದಿನ ಭಾನುವಾರ ಬನ್ನಿ ಅತ್ತೆ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಒಬ್ಬರೇ ಬರೆಯಬೇಕು. ಇಲ್ಲದಿದ್ದರೆ ಒಂದೇ ರಿಪೋರ್ಟ್‌ಗೆ ಐದು ಅರ್ಥ ಹುಟ್ಟಿ, ಅಶ್ವಗಂಧ, ಅರಿಶಿನದ ಮಾತ್ರೆ, ಕಷಾಯ ಎಲ್ಲ ಮನೆಗೆ ಬಂದು ಬೀಳುತ್ತವೆ. ಅವುಗಳಲ್ಲಿ ಕೆಲವು ಕೀಮೋ ಔಷಧಿಗೆ ಅಡ್ಡ ಬರಬಹುದು. ಡಾಕ್ಟರಿಗೆ ತೋರಿಸದೆ ಯಾವುದನ್ನೂ ಕೊಡಬೇಡಿ.

15ರಿಂದ 21 ಹಗುರ ದಿನಗಳು, ಕಾಗದದ ಕೆಲಸಕ್ಕೆ ಸರಿ. ಬಯಾಪ್ಸಿ, ಎಕೋ (ಹೃದಯದ ಸ್ಕ್ಯಾನ್), ಸ್ಕ್ಯಾನ್‌ಗಳು ಒಂದು ಫೈಲ್‌ನಲ್ಲಿ, ಬಿಲ್‌ಗಳು ಇನ್ನೊಂದರಲ್ಲಿ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ತೆಗೆದ ಚೂರನ್ನು ಮೇಣದಲ್ಲಿ ಕೂಡಿಸಿಟ್ಟದ್ದು) ಲ್ಯಾಬ್‌ನಿಂದ ಕೇಳಿ ಪಡೆಯಿರಿ, ಎರಡನೇ ಅಭಿಪ್ರಾಯಕ್ಕೆ ಹೋದರೆ ಅದನ್ನೇ ಕೇಳುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಚಿಕಿತ್ಸೆ ಶುರುವಾಗುವ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಕಾಣಿ. ಮುಂದಿನ ಕೀಮೋಗೆ ಒಂದೆರಡು ದಿನ ಮುಂಚೆ ಮನೆ ಹತ್ತಿರದ ಲ್ಯಾಬ್‌ನಲ್ಲೇ ಸಿಬಿಸಿ ಮಾಡಿಸಿದರೆ, ಕೌಂಟ್ ಇಳಿದಿದ್ದಾಗ ಆಸ್ಪತ್ರೆವರೆಗೆ ಹೋಗಿ ವಾಪಸ್ ಬರುವುದು ತಪ್ಪುತ್ತದೆ. ಹೀಗೆ ಕೀಮೋ ಒಂದು ವಾರ ಮುಂದಕ್ಕೆ ಹೋಗುವುದು ಮಾಮೂಲು, ಚಿಕಿತ್ಸೆ ಕೈಕೊಟ್ಟಿತು ಅಂತಲ್ಲ. ಹೋದರೆ ಕ್ಯಾಲೆಂಡರ್‌ನ ಸಂಖ್ಯೆ ಅಳಿಸಿ ಹೊಸದಾಗಿ ಬರೆಯಿರಿ.

ಕೆಲಸ ಹಂಚುವುದನ್ನು ಮಾತ್ರ "ನೋಡಿಕೊಳ್ಳೋಣ" ಅಂತ ಬಿಡಬಾರದು. ಬಿಟ್ಟರೆ ಎಲ್ಲ ಒಬ್ಬ ಹೆಣ್ಣುಮಗಳ ತಲೆಗೇ, ಸಾಮಾನ್ಯವಾಗಿ ಸೊಸೆಯ ತಲೆಗೇ ಬರುತ್ತದೆ. ನಮ್ಮಲ್ಲಿ ಮಾತ್ರೆಯ ಡಬ್ಬಿ ತುಂಬುವುದು ಅಪ್ಪನ ಕೆಲಸ, ಆಸ್ಪತ್ರೆ ನನ್ನದು, ಬಿಲ್ ಮತ್ತು ವಾಟ್ಸಾಪ್ ತಮ್ಮನದು, ಅಡುಗೆ ತಮ್ಮನ ಹೆಂಡತಿಯದು. ರಾತ್ರಿ ಅಮ್ಮನ ಕೋಣೆಯಲ್ಲಿ ಮಲಗುವ ಸರದಿ ಅಡುಗೆ ಮಾಡುವವಳಿಗೆ ಇರಲಿಲ್ಲ, ಉಳಿದ ಮೂವರದೇ. ಅಪ್ಪನ ಬಿಪಿ ಮಾತ್ರೆಯೂ ಅದೇ ಡಬ್ಬಿಯ ಪಕ್ಕದಲ್ಲಿತ್ತು.